ಕುಶಲ ಶೆಟ್ಟರ ಕಾಂಟೆಸ್ಸಾ ಬಿಸಿಯಾಗುತ್ತಿದ್ದ ಕಾರಣ

ಕುಶಲ ಶೆಟ್ಟರು ಆಯುಷ್ಯದ ಮುಕ್ಕಾಲು ಪಾಲನ್ನು ಕಲ್ಯಾಣ ಸ್ಟೇಶನ್ನಿನ ಎದುರಿನ ಹೋಟೆಲೊಂದರಲ್ಲಿ ಮ್ಯಾನೇಜರಾಗಿ ಕಳೆದವರು. ಗಲ್ಲಾಪೆಟ್ಟಿಗೆಯ ಮುಂದೆ ಕೂತಲ್ಲಿಂದಲೇ ಒಳಗಿನ ಗ್ರೈಂಡರಿನ ಸದ್ದು ಕೇಳಿ ಉದ್ದು ಸರಿಯಾಗಿ ನೆನೆದಿಲ್ಲ ಎನ್ನುತ್ತಿದ್ದರು. ವಡೆಯ ಬಾಣಲೆಯ ಹೊಗೆ ಮೂಗಿಗೆ ಬಡಿದರೆ ಎಣ್ಣೆ ಇಂದಿನದೋ ನಿನ್ನೆಯದೋ ಎಂದು ತಿಳಿಯುತ್ತಿತ್ತು. ಅವರು ಹೇಳಿದ್ದು ಯಾವತ್ತೂ ತಪ್ಪಾಗುತ್ತಿರಲಿಲ್ಲ. ಇದೇ ಕಷ್ಟವಾಗಿತ್ತು. ತಪ್ಪು ಹೇಳುವವನನ್ನು ಜನ ನಕ್ಕು ಮರೆಯುತ್ತಾರೆ. ಸರಿಯಾದದ್ದನ್ನು ನಾಲ್ಕು ಜನರ ಎದುರು ಹೇಳುವವನನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ಎಷ್ಟೋ ಅಡುಗೆಯವರು ಅವರನ್ನು ಹೀಗೆ ನೆನಪಿಟ್ಟುಕೊಂಡೇ ಊರಿಗೆ ಹೋಗಿದ್ದಾರೆ.

ಮನೆಯಲ್ಲೂ ಅವರು ಮ್ಯಾನೇಜರೇ. ಮದುವೆಯಾದ ಹೊಸತರಲ್ಲಿ ನೆಂಟರ ಎದುರು ಹೆಂಡತಿ ಹರಿಣಾಕ್ಷಿ ಮಾಡಿದ ಬಂಗುಡೆ ಮೀನಿನ ಗಸಿಯನ್ನು ಬಾಯಿಗಿಟ್ಟು, "ಮೆಣಸು ಹುರಿದದ್ದು ಸಾಲದು, ಹುಳಿ ಅವಸರದಲ್ಲಿ ಹಾಕಿದ್ದೀ" ಎಂದಿದ್ದರು. ಅದೂ ಸರಿಯಾಗಿಯೇ ಇತ್ತು. ಹರಿಣಾಕ್ಷಿ ಸಿಟ್ಟಾಗಲಿಲ್ಲ, ಅಳಲಿಲ್ಲ. ಅಂದಿನಿಂದ ಇಂದಿನವರೆಗೂ ಮೆಣಸು ಚೆನ್ನಾಗಿ ಹುರಿಯುತ್ತಾಳೆ. ಆದರೆ ಗಂಡನಿಗೆ ಬಡಿಸಿ "ಹೇಗುಂಟು?" ಎಂದು ಕೇಳುವುದನ್ನು ಅಂದೇ ಬಿಟ್ಟುಬಿಟ್ಟಳು. ಶೆಟ್ಟರು ಇದನ್ನು ಗಮನಿಸಲಿಲ್ಲ. ಕೇಳದಿದ್ದರೂ ಅವರು ಹೇಳುತ್ತಲೇ ಇದ್ದುದರಿಂದ ಪ್ರಶ್ನೆ ಇಲ್ಲವಾದದ್ದು ತಿಳಿಯುವಂತೆಯೂ ಇರಲಿಲ್ಲ.

ಧಣಿಗಳು ತೀರಿಕೊಂಡು, ಅವರ ಮಗ ಹೋಟೆಲನ್ನು ಚೈನೀಸ್ ಮಾಡಿದಾಗ ಶೆಟ್ಟರು ನಿವೃತ್ತರಾದರು. ಬೀಳ್ಕೊಡುಗೆಯಾಗಿ ಗೋದಾಮಿನ ಹಿಂದೆ ಧೂಳು ಹೊದ್ದು ನಿಂತಿದ್ದ ಧಣಿಗಳ ಕೆನೆಬಣ್ಣದ ಕಾಂಟೆಸ್ಸಾ ಅವರ ಪಾಲಿಗೆ ಬಂತು. ಧಣಿಗಳಿದ್ದಾಗ ಆ ಕಾರಿನ ಹಿಂದಿನ ಸೀಟಿನಲ್ಲಿ ಕೂರುವ ಯೋಗ ಶೆಟ್ಟರಿಗೆ ಬಂದಿರಲಿಲ್ಲ. ಈಗ ಇಡೀ ಕಾರೇ ಅವರದಾಯಿತು. ಹಿಂದಿನ ಸೀಟು ಈಗಲೂ ಸಿಗಲಿಲ್ಲ, ಓಡಿಸುವವರು ಅವರೇ ಆದ್ದರಿಂದ.

ಡೊಂಬಿವಲಿ ಪೂರ್ವದ ಅವರ ಸೊಸೈಟಿಯಲ್ಲಿ ಅಷ್ಟುದ್ದದ ಕಾರು ಇನ್ನೊಂದಿಲ್ಲ. ಎರಡು ಸ್ಕೂಟರುಗಳ ಜಾಗವನ್ನು ಅದರ ಡಿಕ್ಕಿಯೊಂದೇ ತಿನ್ನುತ್ತಿತ್ತು. ಹರಿಣಾಕ್ಷಿ ಅದಕ್ಕೆ ಬಂದ ದಿನವೇ "ಸವತಿ" ಎಂದು ಹೆಸರಿಟ್ಟಳು. ಬೆಳಿಗ್ಗೆ ಶೆಟ್ಟರು ಮೆತ್ತನೆಯ ಬಟ್ಟೆ ಹಿಡಿದು ಇಳಿದರೆ ಬಾಲ್ಕನಿಯಿಂದ ಕೇಳುತ್ತಿದ್ದಳು. "ಸವತಿಯ ಸ್ನಾನ ಆಯ್ತಾ? ಆದ್ರೆ ಚಾ ಕುಡೀಲಿಕ್ಕೆ ಬನ್ನಿ." ಘೋಡಬಂದರ್ ರಸ್ತೆಯ ಹೊಸ ಕಟ್ಟಡವೊಂದರಲ್ಲಿ ಸಂಸಾರ ಹೂಡಿದ್ದ ಮಗಳು ಅನಘಳದ್ದು ಫೋನಿನಲ್ಲಿ ಮಾರಿಬಿಡಿ ಎಂಬ ಒಂದೇ ಮಾತು: "ಪಪ್ಪಾ, ಬೇಚ್ ಡಾಲೋ ನಾ."

ಆ ಮಗಳ ಮನೆಗೆ ಇಬ್ಬರೂ ಹೊರಟ ದಿನವೇ ಕಾರು ಮೊದಲ ಸಲ ಕೈಕೊಟ್ಟದ್ದು. ಠಾಣೆ ದಾಟುವಾಗ ಯಾರೋ ಹಿಂದಿನಿಂದ ಸೆರಗು ಹಿಡಿದು ಎಳೆದಂತಾಗಿ, ಮುಂದಿನ ಒಂದು ಚಕ್ರದಿಂದ ಸುಟ್ಟ ವಾಸನೆ ಬಂದು, ಗಾಡಿ ನಿಂತಿತು. ಶೆಟ್ಟರು ಘೋಡಬಂದರ್ ರಸ್ತೆಯ ಡಿವೈಡರಿನ ಮೇಲೆ ಕೂತು ಬಿಸ್ಲೇರಿ ನೀರನ್ನು ಚಕ್ರಕ್ಕೆ ಹನಿಸುತ್ತಿದ್ದರೆ, ಬೈಕಿನ ಹುಡುಗರು ಮೊಬೈಲು ಎತ್ತಿ ಹಿಡಿದು ನಗುತ್ತಾ ಹೋದರು. ಕಲ್ಯಾಣದ ಮೆಕ್ಯಾನಿಕ್ ಶಂಕ್ರೆಪ್ಪ ಆ ಚಕ್ರದ ಬ್ರೇಕಿನ ತುಕ್ಕು ಹಿಡಿದ ಪಿಸ್ಟನ್ನನ್ನು ಬದಲಿಸಿ ರೋಗ ವಾಸಿ ಮಾಡಿದ. ವಾಸಿಯಾಗಿಯೂ ಇತ್ತು. ಆದರೆ ದಸರೆ ಕಳೆದು ಕೆಲವು ವಾರಗಳಲ್ಲಿ ಬ್ರೇಕು ಮತ್ತೆ ಹಿಡಿಯತೊಡಗಿತು. ಈ ಸಲ ಮುಂದಿನ ಎರಡೂ ಚಕ್ರ. ಶಂಕ್ರೆಪ್ಪ ಪೈಪು ಬದಲಿಸಿದ, ಹಳೆಯ ಬ್ರೇಕ್ ಆಯಿಲ್ ಚೆಲ್ಲಿ ಹೊಸದು ತುಂಬಿದ. ಒಂದಷ್ಟು ಕಾಲ ನೆಟ್ಟಗಿತ್ತು. ಮುಂದಿನ ದಸರೆ ಕಳೆಯಿತು, ಮತ್ತೆ ಅದೇ ಹಾಡು.

ಕಾಯಿಲೆಗೂ ಪಂಚಾಂಗ ಗೊತ್ತಿದೆ ಎಂಬುದು ಕುಶಲ ಶೆಟ್ಟರಿಗೆ ಹೊಳೆಯಲಿಲ್ಲ. ಅವರು ಮಳೆಗಾಲದ ತೇವವನ್ನು ದೂರಿದರು, ಹೊಂಡಗಳನ್ನು ದೂರಿದರು, ಶಂಕ್ರೆಪ್ಪನನ್ನಂತೂ ದೂರುತ್ತಲೇ ಇದ್ದರು.

ಕೊನೆಗೆ ಸಾನಪಾಡಾದ ಮದುವೆ ಬಂತು. ಹರಿಣಾಕ್ಷಿಯ ಅಣ್ಣನ ಮಗಳ ಮದುವೆ; ತಪ್ಪಿಸುವಂತಿಲ್ಲ. ಹೊರಡುವಾಗ ಹರಿಣಾಕ್ಷಿ ಬಾಗಿಲು ಹಿಡಿದು ನಿಂತಳು.

"ರೈಲಲ್ಲಿ ಹೋಗುವ."

"ಕಾರು ಇರುವಾಗ ರೈಲು ಎಂತಕ್ಕೆ?"

"ಕಾರು ಇರ್ತದೆ. ನಾವು ಮುಹೂರ್ತಕ್ಕೆ ಅಲ್ಲಿ ಇರ್ತೇವಾ, ಅದು ಹೇಳಿ."

"ಇವತ್ತು ನಿಂತ್ರೆ ಮಾರಿಬಿಡ್ತೇನೆ. ಆಯ್ತಾ?"

ಶೀಲ್‌ಫಾಟಾದ ಸಿಗ್ನಲ್ಲಿನಲ್ಲಿ ಅದು ನಿಂತಿತು. ಪೆಡಲು ಕಲ್ಲಿನಂತೆ ಗಟ್ಟಿಯಾಗಿ, ಎರಡೂ ಚಕ್ರ ಕೆಂಡವಾಗಿ, ಹಿಂದಿನ ಲಾರಿಗಳೆಲ್ಲ ಒಕ್ಕೊರಲಿನಿಂದ ಕೂಗತೊಡಗಿದವು. ಹರಿಣಾಕ್ಷಿ ಜರತಾರಿ ಸೀರೆಯ ನೆರಿಗೆ ಎತ್ತಿ ಹಿಡಿದು ರಿಕ್ಷಾ ಹತ್ತಿದಳು. ಶೆಟ್ಟರು ಗಾಡಿ ತಣಿಯುವುದನ್ನು ಕಾದು ಹಾಲ್ ತಲುಪುವ ಹೊತ್ತಿಗೆ ಐಸ್‌ಕ್ರೀಂ ಕೂಡ ಮುಗಿದಿತ್ತು. ಮದುವೆ ಹಾಲಿನ ಬಾಗಿಲಲ್ಲಿ ಹಿತೇಶ್ ಎಂಬ ಹುಡುಗ ಸಿಕ್ಕಿದ. ಮದುವೆಗಳಿಗೆ ಹಳೆಯ ಕಾರುಗಳನ್ನು ಬಾಡಿಗೆಗೆ ಬಿಡುವವನು. ಮದುಮಗ ಬಂದಿದ್ದೂ ಅವನ ಕಾರಿನಲ್ಲೇ. ಕಾಂಟೆಸ್ಸಾದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಅಂಕಲ್, ಕೊಡ್ತೀರಾ? ಸಂಡೇ ಬಂದು ನೋಡ್ತೇನೆ" ಎಂದ. ಹರಿಣಾಕ್ಷಿ ಅಲ್ಲಿಯೇ ಇದ್ದಳು. "ಬಾ ಮಗ" ಎಂದಳು.

ಮನೆಗೆ ಬಂದ ಮೇಲೆ ಶೆಟ್ಟರು ವಕೀಲರಂತೆ ಒಂದು ಕಲಂ ಹುಡುಕಿದರು.

"ಕಾರಣ ಸಿಕ್ಕಿದ್ರೆ? ಯಾಕೆ ಹಿಡೀತದೆ ಅಂತ ಗೊತ್ತಾಗಿ, ಇನ್ನು ಹಿಡಿಯುವುದಿಲ್ಲ ಅಂತ ನಾನು ಹೇಳಿದ್ರೆ?"

ಹರಿಣಾಕ್ಷಿ ಸೀರೆ ಮಡಚುತ್ತಾ ಯೋಚಿಸಿದಳು. ಇಷ್ಟು ವರ್ಷದಲ್ಲಿ ಈ ಮನುಷ್ಯ ಕಾರಣದ ವಿಷಯದಲ್ಲಿ ಸುಳ್ಳು ಹೇಳಿದ್ದಿಲ್ಲ. "ಸಿಕ್ಕಿದ್ರೆ ಇಟ್ಕೊಳ್ಳಿ. ಭಾನುವಾರದ ಒಳಗೆ ಸಿಗ್ಬೇಕು."

ಮರುದಿನ ಬೆಳಿಗ್ಗೆಯೇ ಕಾಂಟೆಸ್ಸಾ ಶಂಕ್ರೆಪ್ಪನ ಗ್ಯಾರೇಜಿನಲ್ಲಿತ್ತು. ಶಂಕ್ರೆಪ್ಪ ವಿಜಯಪುರದ ಕಡೆಯವನು. ದನಿ ದೊಡ್ಡದು, ಆತ್ಮವಿಶ್ವಾಸ ಅದಕ್ಕಿಂತ ದೊಡ್ಡದು. ಯಾವ ಗಾಡಿ ಬಂದರೂ ಬಾನೆಟ್ ತೆರೆಯುವ ಮೊದಲೇ ರೋಗದ ಹೆಸರು ಹೇಳಿಬಿಡುವವನು.

"ಪಿಸ್ಟನ್ ಜಾಮ್ ಆಗ್ಯಾವ್ರೀ ಶೆಟ್ರ. ಬರಕೊಳ್ರಿ."

"ಮೊದಲ ಸಲ ಕೂಡ ಅದನ್ನೇ ಹೇಳಿದ್ದಿ ಮಾರಾಯ."

"ಅದು ಮೊದಲ ಸಲದ ಪಿಸ್ಟನ್. ಇದು ಈ ಸಲದ್ದು."

"ಎರಡೂ ಚಕ್ರದ್ದು ಮಾತಾಡಿಕೊಂಡು ಒಟ್ಟಿಗೆ ಜಾಮ್ ಆಗ್ತದಾ? ಒಂದೇ ಬಾಣಲೆಯ ಎಲ್ಲ ವಡೆ ಕಪ್ಪಾದ್ರೆ ವಡೆಯನ್ನು ಬೈತಿಯಾ, ಬಾಣಲೆಯನ್ನಾ?"

ಶಂಕ್ರೆಪ್ಪ ಗಡ್ಡ ಕೆರೆದುಕೊಂಡ. ಈ ಹೋಟೆಲಿನವರ ಕೈಲಿ ಗ್ಯಾರೇಜು ನಡೆಸುವುದು ಕಷ್ಟ ಎಂದು ಗೊಣಗುತ್ತಾ ಗಾಡಿಯನ್ನು ಜಾಕಿನ ಮೇಲೆ ಎತ್ತಿದ. ಶೆಟ್ಟರು ಒಳಗೆ ಕೂತು ಪೆಡಲು ಒತ್ತಿ ಬಿಟ್ಟರು, ಒತ್ತಿ ಬಿಟ್ಟರು. ಶಂಕ್ರೆಪ್ಪ ಚಕ್ರ ತಿರುಗಿಸಲು ನೋಡಿದ, ಅಲುಗಲಿಲ್ಲ. ಚಕ್ರದ ಹಿಂದಿನ, ಬ್ರೇಕಿನ ಗಾಳಿ ತೆಗೆಯುವ ಚಿಕ್ಕ ತಿರುಪನ್ನು ಸಡಿಲಿಸಿದ್ದೇ ತಡ, ಬ್ರೇಕ್ ಆಯಿಲ್ ಚಿಳ್ ಎಂದು ಹಾರಿ ಚಕ್ರ ಹಗುರವಾಗಿ ತಿರುಗಿತು.

"ಹಾಂ! ಒಳಗ ಪ್ರೆಶರ್ ಕುಂತದ್ರೀ. ಕಾಲು ತೆಗದ್ರೂ ವಾಪಸ್ ಹೋಗವಲ್ದು."

"ಅಂದ್ರೆ ಚಕ್ರದ ದೋಷ ಅಲ್ಲ. ಮೇಲೆ ಹೋಗು."

ಮತ್ತೆ ಪೆಡಲು ಒತ್ತಿ, ಈ ಸಲ ಮೇಲೆ, ಬಾನೆಟ್ಟಿನ ಒಳಗಿನ ಮಾಸ್ಟರ್ ಸಿಲಿಂಡರಿನ ಬುಡದಲ್ಲಿ ಪೈಪು ಸಡಿಲಿಸಿದರು. ಎರಡೂ ಚಕ್ರ ಒಟ್ಟಿಗೆ ಬಿಟ್ಟುಕೊಂಡವು. ಕಾಲು ಒತ್ತಿದಾಗ ಇಲ್ಲಿಂದ ಕೆಳಗಿಳಿದ ಆಯಿಲ್, ಕಾಲು ತೆಗೆದಾಗ ಒಂದು ಸೂಜಿಗಣ್ಣಿನಂಥ ತೂತಿನಿಂದ ಮೇಲಿನ ಬಿಳಿಯ ಡಬ್ಬಿಗೆ ಮರಳಬೇಕು. ಆ ತೂತನ್ನು ಏನೋ ಮುಚ್ಚಿತ್ತು. ಸಿಲಿಂಡರು ಬಿಚ್ಚಿದಾಗ ಅದೂ ಕಂಡಿತು. ಒಳಗಿನ ರಬ್ಬರಿನ ಬಟ್ಟಲುಗಳು ನೆನೆದ ಕಡಲೆಯಂತೆ ಉಬ್ಬಿ, ಮೆತ್ತಗಾಗಿ, ತೂತಿನ ಮೇಲೆಯೇ ಪಟ್ಟಾಗಿ ಕೂತಿದ್ದವು. ಬಿಸಿಯಾದಷ್ಟೂ ಇನ್ನಷ್ಟು ಉಬ್ಬಿ, ಬಿಡುವ ಮಾತೇ ಇಲ್ಲದಂತಾಗುತ್ತಿತ್ತು.

"ರಬ್ಬರ್ ಯಾಕೆ ಉಬ್ಬಿತು?"

"ಡುಪ್ಲಿಕೇಟ್ ಮಾಲ್ ಇರಬೇಕ್ರೀ."

"ಹಾಕಿದ್ದು ಯಾರು?"

ಶಂಕ್ರೆಪ್ಪ ಕೂಡಲೇ ಮಾಲಿನ ಗುಣಮಟ್ಟವನ್ನು ಮೇಲೆತ್ತಿದ. "ಅಲ್ಲ, ಮಾಲ್ ಒರಿಜಿನಲ್ಲೇ ಐತ್ರೀ."

ಶೆಟ್ಟರು ಡಬ್ಬಿಯಲ್ಲಿದ್ದ ಆಯಿಲನ್ನು ಚಹಾದ ಗಾಜಿನ ಲೋಟವೊಂದಕ್ಕೆ ಸುರಿಸಿ ಬೆಳಕಿಗೆ ಹಿಡಿದರು. ಸ್ವಲ್ಪ ಹೊತ್ತು ಬಿಟ್ಟರು. ಸಾರಿನ ಮೇಲೆ ತುಪ್ಪ ನಿಂತಂತೆ, ಕಂದು ದ್ರವದ ಮೇಲೆ ತಿಳಿಯಾದ ಒಂದು ಪದರ ಎದ್ದು ನಿಂತಿತು. ಎಷ್ಟು ಬಾಣಲೆಗಳನ್ನು ನೋಡಿದ ಕಣ್ಣು ಅದು! ಮೂಗಿನ ಹತ್ತಿರ ಒಯ್ದರು. ಅಡುಗೆಯ ಎಣ್ಣೆಯಲ್ಲ. ಪರಿಚಿತ ವಾಸನೆ, ಮನೆಯ ವಾಸನೆ; ಮಧ್ಯಾಹ್ನದ ಹೊತ್ತು, ಕಿಟಕಿಯ ಪಕ್ಕ, ಬಟ್ಟೆಯ ಚೂರುಗಳು.

"ಇದರಲ್ಲಿ ಎಣ್ಣೆ ಬಿದ್ದಿದೆ. ಹೊಲಿಗೆ ಮಿಷನ್ನಿನ ಎಣ್ಣೆ."

"ಎಣ್ಣೀನ?" ಶಂಕ್ರೆಪ್ಪ ಲೋಟಕ್ಕೆ ಬೆರಳು ಅದ್ದಿ ಉಜ್ಜಿ ನೋಡಿದ. "ಅಯ್ಯಯ್ಯೋ! ಬ್ರೇಕ್ ಆಯಿಲ್ ಅಂತ ಕರೀತೀವಷ್ಟ, ಅದು ಎಣ್ಣಿ ಅಲ್ರೀ. ಎಣ್ಣಿ ಬಿದ್ರ ರಬ್ಬರ್ ಕೆಟ್ಟು ಕೆರಾ ಹಿಡಿತದ. ಯಾವ ಹುಚ್ಚ ಹಾಕ್ಯಾನ್ರೀ ಇದನ್ನ? ಯಾರೋ ವೈರಿ ಅದಾನ ನಿಮಗ!"

ಶೆಟ್ಟರು ಲೋಟ ಕೆಳಗಿಟ್ಟರು. ಎಲ್ಲ ರಬ್ಬರನ್ನೂ ಹೊಸದಾಗಿ ಹಾಕಲು ಹೇಳಿ, ಲೋಕಲ್ ಹಿಡಿದು ಮನೆಗೆ ಬಂದರು. ದಾರಿಯುದ್ದಕ್ಕೂ ಅವರ ಎದೆಯಲ್ಲಿ ಹಬ್ಬ. ಕಾರಣ ಸಿಕ್ಕಿತ್ತು, ಕಾರು ಉಳಿದಿತ್ತು. ಇನ್ನು ವೈರಿಯೊಬ್ಬನನ್ನು ಹಿಡಿದರೆ ಮುಗಿಯಿತು. ವಾಚ್‌ಮನ್ ಇರಬಹುದು. ಪಾರ್ಕಿಂಗಿಗಾಗಿ ಜಗಳವಾಡಿದ ಸೆಕ್ರೆಟರಿಯೇ ಇರಬಹುದು. ಹೋಗಿ ಹರಿಣಾಕ್ಷಿಯ ಎದುರು ಕೂತು ಒಂದೊಂದೇ ಎಳೆ ಬಿಡಿಸಿ ಹೇಳುವುದನ್ನು ನೆನೆದು ಅವರು ಠಾಕುರ್ಲಿ ಸ್ಟೇಶನ್ನಿನಲ್ಲಿ ಒಬ್ಬರೇ ಮುಗುಳ್ನಕ್ಕರು.

ಹರಿಣಾಕ್ಷಿ ಕಿಟಕಿಯ ಪಕ್ಕ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಳು. ಉದ್ದ ಮೂತಿಯ ಪುಟ್ಟ ಎಣ್ಣೆಡಬ್ಬಿ ಪಕ್ಕದಲ್ಲೇ ಇತ್ತು. ತಲೆ ಎತ್ತದೆ ಹೇಳಿದಳು. "ಸ್ಟೇಶನ್ ಕಡೆ ಹೋದ್ರೆ ಒಂದು ಡಬ್ಬಿ ಎಣ್ಣೆ ತನ್ನಿ. ಆಯುಧ ಪೂಜೆಗೇ ಮುಗಿದು ಹೋಗಿದೆ."

ಶೆಟ್ಟರು ಚಪ್ಪಲಿ ಬಿಡುತ್ತಿದ್ದವರು ಹಾಗೆಯೇ ನಿಂತರು.

"ಆಯುಧ ಪೂಜೆಗೆ ಅಷ್ಟು ಎಣ್ಣೆ ಎಂತಕ್ಕೆ?"

"ಎಂತಕ್ಕೆ ಅಂದ್ರೆ? ಆ ದಿನ ಮನೆಯ ಕಬ್ಬಿಣಕ್ಕೆಲ್ಲ ಎಣ್ಣೆ ಬಿಡ್ಬೇಕು ಅಂತ ಅಮ್ಮ ಹೇಳ್ತಿದ್ರು. ಮಿಷನ್ನಿಗೆ, ಕತ್ತರಿಗೆ, ಫ್ಯಾನಿಗೆ, ಗ್ರೈಂಡರಿಗೆ." ದಾರ ಕಡಿದಳು. "ನಿಮ್ಮ ಸವತಿಗೂ."

"ಅದಕ್ಕೆ ಎಲ್ಲಿ ಬಿಟ್ಟದ್ದು?"

"ನೀವು ಕುಂಬಳಕಾಯಿ ಒಡೀಲಿಕ್ಕೆ ಎದುರು ಹೋಗ್ತೀರಲ್ಲ, ಆಗ ಬಾನೆಟ್ ತೆರೆದೇ ಇರ್ತದೆ. ಒಳಗೆ ಒಂದು ಬಿಳಿ ಡಬ್ಬಿ ಉಂಟು. ಮುಚ್ಚಳ ತೆಗೆದು ನೋಡಿದ್ರೆ ಎಣ್ಣೆ, ಸ್ವಲ್ಪ ಕಡಿಮೆ. ಗೆರೆಯವರೆಗೆ ತುಂಬಿಸಿದೆ. ಪ್ರತಿ ವರ್ಷ ತುಂಬಿಸ್ತೇನೆ."

"ಯಾವಾಗಿನಿಂದ?"

ಮಿಷನ್ನಿನ ಚಕ್ರದ ಮೇಲೆ ಅವಳ ಕೈ ನಿಂತಿತು. "ನೀವು ಘೋಡಬಂದರ್ ರಸ್ತೆಯಲ್ಲಿ ಆ ಡಿವೈಡರಿನ ಮೇಲೆ ಕೂತಿದ್ರಲ್ಲ. ಆ ಪೋರರು ನಗಾಡಿದ್ರಲ್ಲ. ಆ ವರ್ಷದಿಂದ. ಇವರನ್ನು ಇನ್ನು ದಾರಿಯಲ್ಲಿ ಕೂರಿಸಬೇಡ ಅಂತ ಹೇಳಿ ಎಣ್ಣೆ ಬಿಡ್ತೇನೆ, ಅದಕ್ಕೆ." ಮತ್ತೆ ಚಕ್ರ ತಿರುಗಿಸಿದಳು. "ಹೇಳಿ ಎಂತ ಸುಖ? ಕೇಳ್ತದಾ ಅದು?"

ಕುಶಲ ಶೆಟ್ಟರ ಬಾಯಲ್ಲಿ ಉತ್ತರ ತಯಾರಾಗಿಯೇ ಇತ್ತು. ಲೋಟದ ಪದರ, ಉಬ್ಬಿದ ಬಟ್ಟಲು, ಮುಚ್ಚಿದ ತೂತು, ದಸರೆ ಕಳೆದ ಮೇಲೆಯೇ ಯಾಕೆ ಎಂಬ ಲೆಕ್ಕ, ಎಲ್ಲವೂ ಸಾಲಾಗಿ ನಾಲಗೆಯ ತುದಿಗೆ ಬಂದು ನಿಂತಿದ್ದವು. ಒಂದು ಮಾತು ಆಡಿದರೆ ಕಾರು ಉಳಿಯುತ್ತಿತ್ತು. ಅಷ್ಟೇ ಅಲ್ಲ, ಇಡೀ ಬದುಕಿನಲ್ಲಿ ಅವರು ಹಿಡಿದ ತಪ್ಪುಗಳಲ್ಲೆಲ್ಲ ಇದು ಅತ್ಯಂತ ಸುಂದರವಾದದ್ದು. ಗ್ರೈಂಡರಿನ ಸದ್ದು, ಬಾಣಲೆಯ ಹೊಗೆ ಇದರ ಮುಂದೆ ಏನೂ ಅಲ್ಲ.

ಅವರು ಅವಳ ಕೈಯನ್ನು ನೋಡಿದರು. ತೋರುಬೆರಳಿಗೆ ಎಣ್ಣೆಯ ಜಿಡ್ಡು ಹತ್ತಿತ್ತು. ಸವತಿ ಎಂದು ಕರೆಯುತ್ತಲೇ ಅದರ ಹೊಟ್ಟೆ ತುಂಬಿಸಿದ ಕೈ. ಬಂಗುಡೆ ಗಸಿ ಯಾಕೋ ನೆನಪಾಯಿತು. ಇವಳು ಎಷ್ಟು ವರ್ಷದಿಂದ "ಹೇಗುಂಟು?" ಎಂದು ಕೇಳಿಲ್ಲ ಎಂಬುದು ಮೊದಲ ಬಾರಿಗೆ ಹೊಳೆಯಿತು.

"ಹೌದಾ" ಎಂದರು. ಅಷ್ಟೇ ಎಂದು ಒಳಗೆ ಹೋದರು.

ಹರಿಣಾಕ್ಷಿ ಗಾಬರಿಯಾದಳು. ಬರೀ "ಹೌದಾ" ಎಂದು ಸುಮ್ಮನಾಗುವ ಗಂಡನನ್ನು ಅವಳು ಕಂಡಿರಲಿಲ್ಲ. ಜ್ವರವಿರಬಹುದೇ ಎಂದು ಹಣೆ ಮುಟ್ಟಿ ನೋಡಿದಳು.

ಭಾನುವಾರ ಹಿತೇಶ್ ಬಂದ. ಅದರ ಹಿಂದಿನ ದಿನವೇ ಕಾಂಟೆಸ್ಸಾ ಗ್ಯಾರೇಜಿನಿಂದ ಮರಳಿ, ಹೊಸ ರಬ್ಬರಿನ ಹುರುಪಿನಲ್ಲಿ ಚಕ್ರ ಹಗುರವಾಗಿ ತಿರುಗಿಸುತ್ತಾ ಬಂದು ನಿಂತಿತ್ತು. ಶೆಟ್ಟರು ಬೆಳಿಗ್ಗೆ ಬೇಗ ಎದ್ದು ಅದನ್ನು ಎಂದಿಗಿಂತ ಹೆಚ್ಚು ಹೊತ್ತು ಒರೆಸಿದರು. ಕನ್ನಡಿ ಒರೆಸಿದರು, ಕನ್ನಡಿಯ ಹಿಂಬದಿಯನ್ನೂ ಒರೆಸಿದರು.

"ಕಾರಣ ಸಿಕ್ತಾ?" ಹರಿಣಾಕ್ಷಿ ಎಲ್ಲರ ಎದುರೇ ಕೇಳಿದಳು.

ಶೆಟ್ಟರು ಬಟ್ಟೆಯನ್ನು ಅಚ್ಚುಕಟ್ಟಾಗಿ ಮಡಚಿದರು. "ಇಲ್ಲ. ಸಿಗ್ಲಿಲ್ಲ."

"ಸಿಗ್ಲಿಲ್ಲ?"

"ಶಂಕ್ರೆಪ್ಪ ಏನೋ ಬದಲಿಸಿದ್ದಾನೆ. ಯಾಕೆ ಹಾಗಾಯ್ತು ಅಂತ ನನಗೆ ತಿಳೀಲಿಲ್ಲ."

"ನೋ ಪ್ರಾಬ್ಲೆಮ್ ಅಂಕಲ್," ಹಿತೇಶ್ ಕಾರಿನ ಬೆನ್ನು ತಟ್ಟಿದ. "ಮೇರಾ ಡ್ರೈವರ್ ಸಂಭಾಲ್ ಲೇಗಾ, ನೋಡ್ಕೊಳ್ತಾನೆ. ಬಾನೆಟ್ ಮೇಲೆ ಫುಲ್ ಹೂವು, ಹಿಂದೆ ದುಲ್ಹಾ-ದುಲ್ಹನ್. ಗಾಡಿ ತೋ ಮಸ್ತ್ ಹೈ."

"ಯಾರು ಕೂರುವುದು ಅಂದಿ?" ಹರಿಣಾಕ್ಷಿ ಕೇಳಿದಳು.

"ಮದುಮಗ ಮದುಮಗಳು, ಆಂಟಿ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆ ಸನ್ನೆಯ ಅರ್ಥ ಶೆಟ್ಟರಿಗೆ ಗೊತ್ತಿತ್ತು, ಹಿತೇಶನಿಗೆ ಗೊತ್ತಿರಲಿಲ್ಲ.

"ಆಗ್ಲಿಕ್ಕಿಲ್ಲ ಮಗ. ಈ ಗಾಡಿ ಕೊಡ್ಲಿಕ್ಕಿಲ್ಲ."

"ಅರೆ ಆಂಟಿ, ನೀವೇ ತೋ ಬಾ ಅಂದ್ರಿ!"

"ಆಗ ರೋಗ ಇಷ್ಟು ದೊಡ್ಡದು ಅಂತ ಗೊತ್ತಿರ್ಲಿಲ್ಲ. ಇವರು ಯಾರು ಗೊತ್ತುಂಟಾ? ಲೋಕದಲ್ಲಿ ಯಾವುದರ ತಪ್ಪು ಎಲ್ಲಿ ಅಂತ ಕೂತಲ್ಲಿಂದ ಹೇಳುವವರು. ಇಷ್ಟು ವರ್ಷದಲ್ಲಿ ಒಂದು ಸಲವೂ ತಪ್ಪಿಲ್ಲ. ಇವರಿಗೇ ಸಿಗ್ಲಿಲ್ಲ ಅಂದ್ರೆ ಯಾರಿಗೂ ಸಿಗುವ ರೋಗ ಅಲ್ಲ ಅದು. ಅಂಥದ್ದರಲ್ಲಿ ಹೊಸ ಮದುಮಕ್ಕಳನ್ನು ಕೂರಿಸ್ತಿಯಾ? ನಮ್ಮ ಮನೆಯ ಗಾಡಿ ಯಾರದ್ದೋ ಮುಹೂರ್ತ ತಪ್ಪಿಸುವುದು ಬೇಡ. ಚಾ ಕುಡಿದು ಹೋಗು."

ಮದುವೆಯಾದಂದಿನಿಂದ ಹೆಂಡತಿಯ ಬಾಯಲ್ಲಿ ಕುಶಲ ಶೆಟ್ಟರು ಕೇಳಿದ ಮೊದಲ ಹೊಗಳಿಕೆ ಇದು. ಅವರ ಆಯುಷ್ಯದ ಒಂದೇ ಒಂದು ಸುಳ್ಳಿಗೆ ಅದು ಸಂದಿತ್ತು. ತಲೆ ತಗ್ಗಿಸಿ ಚಾ ಕುಡಿದರು. ಹಿತೇಶ್ ಎರಡು ಗೋಳಿಬಜೆ ತಿಂದು, ಕಾಂಟೆಸ್ಸಾದ ಕಡೆ ಒಂದು ಕೊನೆಯ ನೋಟ ಎಸೆದು ಹೊರಟುಹೋದ.

ಅವನು ಹೋದ ಮೇಲೆ ಹರಿಣಾಕ್ಷಿ ಲೋಟಗಳನ್ನು ಎತ್ತುತ್ತಾ ಹೇಳಿದಳು. "ಇನ್ನು ದೂರ ಒಯ್ಯುವುದು ಬೇಡ. ಬರುವ ದಸರೆಗೆ ನಾನು ಸ್ವಲ್ಪ ಜಾಸ್ತಿಯೇ ಎಣ್ಣೆ ಬಿಡ್ತೇನೆ. ಅದಕ್ಕೆ ಸಾಕಾಗುವುದಿಲ್ಲವೋ ಏನೋ."

ಮರುದಿನ ಶೆಟ್ಟರು ಮತ್ತೆ ಕಲ್ಯಾಣಕ್ಕೆ ಹೋದರು. ಹೇಳಬೇಕಾದದ್ದನ್ನು ಹೇಳಿದಾಗ ಶಂಕ್ರೆಪ್ಪ ಬಾನೆಟ್ಟಿನ ಮೇಲೆ ಬಿದ್ದು ಬಿದ್ದು ನಕ್ಕ.

"ವೈರಿ ಸಿಕ್ಕಳೇನ್ರೀ ಶೆಟ್ರ? ಮನ್ಯಾಗ ಅದಾಳ? ಹೇಳಿಬಿಡ್ರೀ ಮತ್ತ!"

"ಹೇಳುವುದಿಲ್ಲ. ನೀನೂ ಹೇಳಿದ್ರೆ ನೋಡು."

"ನಿಮಗ ಸುಮ್ಮ ಇರಾಕ ಬರ್ತದೇನ್ರೀ?"

"ಕಲೀತಿದ್ದೇನೆ. ಬಾಯಿ ಮುಚ್ಚು, ಕೆಲಸ ಮಾಡು."

ಶಂಕ್ರೆಪ್ಪ ನಿಜವಾದ ಬಿಳಿ ಡಬ್ಬಿಯ ಮೇಲೆ ಸ್ಕ್ರೂ ಹಾಕಿ ತಗಡಿನ ಕವಚವೊಂದನ್ನು ಬಿಗಿದ. ಅದರ ಮುಂದೆ, ಕಣ್ಣಿಗೆ ಹೊಡೆಯುವಂತೆ, ಹಳೆಯ ಗಾಡಿಯೊಂದರ ಗಾಜು ತೊಳೆಯುವ ನೀರಿನ ಡಬ್ಬಿಯನ್ನು ಕೂರಿಸಿದ. ಕೆಂಪು ಮುಚ್ಚಳ, ಪಕ್ಕದಲ್ಲಿ ಗೆರೆ. ಅದರಿಂದ ಎಲ್ಲಿಗೂ ಪೈಪು ಹೋಗುತ್ತಿರಲಿಲ್ಲ.

ದಸರೆ ಬಂತು. ಕಾಂಟೆಸ್ಸಾಗೆ ಚೆಂಡುಹೂವಿನ ಮಾಲೆ, ಚಕ್ರಗಳ ಕೆಳಗೆ ಲಿಂಬೆಹಣ್ಣು. ಬಾನೆಟ್ ತೆರೆದಿತ್ತು. "ಹೊಸ ಮಾದರಿ," ಎಂದರು ಶೆಟ್ಟರು ಗಂಟಲು ಸರಿಮಾಡಿಕೊಂಡು. "ಇನ್ನು ಎಣ್ಣೆ ಈ ಕೆಂಪು ಮುಚ್ಚಳದ್ದಕ್ಕೆ." ಹೇಳಿ, ಕುಂಬಳಕಾಯಿ ಹಿಡಿದು ಕಾರಿನ ಎದುರಿಗೆ ಹೋದರು. ಬಾನೆಟ್ಟಿನ ಮರೆಯಿಂದ ಹರಿಣಾಕ್ಷಿಯ ತುಟಿ ಅಲುಗುವುದು ಮಾತ್ರ ಕಾಣಿಸುತ್ತಿತ್ತು. ಏನು ಹೇಳುತ್ತಿದ್ದಾಳೆ ಎಂಬುದು ಅವರಿಗೆ ಗೊತ್ತಿತ್ತು. ಕಾಯಿ ಒಡೆಯಲು ಸ್ವಲ್ಪ ತಡ ಮಾಡಿದರು, ಅವಳು ಹೇಳಿ ಮುಗಿಸಲಿ ಎಂದು.

ಆ ವರ್ಷ ಬ್ರೇಕು ಹಿಡಿಯಲಿಲ್ಲ. ಘೋಡಬಂದರ್ ರಸ್ತೆಗೆ ಹೋಗಿ ಬಂದರು, ಬದಲಾಪುರಕ್ಕೆ ಹೋಗಿ ಬಂದರು, ಚಕ್ರ ಮುಟ್ಟಿದರೆ ತಣ್ಣಗೆ. ಹರಿಣಾಕ್ಷಿಗೆ ಕಾರಣ ಸ್ಪಷ್ಟವಾಗಿತ್ತು. ಲಿಫ್ಟಿನಲ್ಲಿ, ಮೀನು ಮಾರುಕಟ್ಟೆಯಲ್ಲಿ, ಸೊಸೈಟಿಯ ಹಳದಿ-ಕುಂಕುಮದ ಕೂಟದಲ್ಲಿ ಅವಳು ಅದನ್ನು ಹೇಳಿದಳು. ದೊಡ್ಡ ದೊಡ್ಡ ಮೆಕ್ಯಾನಿಕ್ಕರಿಗೆ ಸಿಗಲಿಲ್ಲ, ನಮ್ಮವರಿಗೇ ಸಿಗಲಿಲ್ಲ, ಒಂದು ಡಬ್ಬಿ ಪೂರ್ತಿ ಎಣ್ಣೆ ಬಿಟ್ಟೆ ನೋಡಿ, ಸರಿಹೋಯಿತು. ಕೇಳುವವರು ಶೆಟ್ಟರ ಮುಖ ನೋಡುತ್ತಿದ್ದರು. ಶೆಟ್ಟರು ತಲೆಯಾಡಿಸುತ್ತಿದ್ದರು. ಮೊದಮೊದಲು ಇದಕ್ಕೆ ಕತ್ತಿನ ನರವೆಲ್ಲ ಬಿಗಿಯಬೇಕಾಗುತ್ತಿತ್ತು, ಆಮೇಲೆ ಅಭ್ಯಾಸವಾಯಿತು. ಒಂದು ಮಧ್ಯಾಹ್ನ ಬಂಗುಡೆ ಗಸಿ ಬಡಿಸಿ, ಸೌಟು ಕೈಯಲ್ಲಿ ಹಿಡಿದೇ ಹರಿಣಾಕ್ಷಿ ಕೇಳಿದಳು. "ಹೇಗುಂಟು?"

ಉಪ್ಪು ಒಂದು ಚಿಟಿಕೆ ಹೆಚ್ಚಾಗಿತ್ತು. "ಒಳ್ಳೇದುಂಟು," ಎಂದರು ಶೆಟ್ಟರು. ಮತ್ತೆ ಅನ್ನ ಹಾಕಿಸಿಕೊಂಡರು.

ಮುಂದಿನ ಆಯುಧ ಪೂಜೆಯ ಬೆಳಿಗ್ಗೆ ಅವರು ಬಾಲ್ಕನಿಯಲ್ಲಿ ಪೇಪರು ಹಿಡಿದು ಕೂತಿದ್ದಾಗ ಕೆಳಗಿನಿಂದ ಹೆಂಗಸರ ಮಾತು ಕೇಳಿಸಿತು. ಬಗ್ಗಿ ನೋಡಿದರು. ಎರಡನೆಯ ಮಹಡಿಯ ಕುಲಕರ್ಣಿಯವರ ಹೊಚ್ಚ ಹೊಸ ಕಾರು, ಇನ್ನೂ ಸೀಟಿನ ಪ್ಲಾಸ್ಟಿಕ್ಕನ್ನೂ ತೆಗೆದಿಲ್ಲ, ಬಾನೆಟ್ ತೆರೆದು ನಿಂತಿತ್ತು. ಕುಲಕರ್ಣಿ ಕಾಕು ಆರತಿ ತಟ್ಟೆ ಹಿಡಿದು, "ಹರಿಣಾಕ್ಷಿ ತಾಈ, ತುಮಚ್ಯಾಚ್ ಹಾತಾನೆ" ಎಂದು, ಎಣ್ಣೆಯನ್ನು ಅವಳ ಕೈಯಿಂದಲೇ ಬಿಡಿಸಬೇಕೆಂದು ಒತ್ತಾಯಿಸುತ್ತಿದ್ದರು. ಹರಿಣಾಕ್ಷಿ ನಾಚಿಕೊಂಡು, ಸೆರಗು ಸರಿಮಾಡಿಕೊಂಡು, ಹೊಸ ಎಣ್ಣೆಡಬ್ಬಿಯ ಮೂತಿಯನ್ನು ಕತ್ತರಿಯಿಂದ ಕತ್ತರಿಸುತ್ತಿದ್ದಳು.

ಕುಶಲ ಶೆಟ್ಟರು ಲುಂಗಿ ಎತ್ತಿ ಕಟ್ಟಿ ಮೆಟ್ಟಿಲಿಗೆ ಓಡಿದರು. ಇಳಿಯುತ್ತಲೇ ಫೋನ್ ಕಿವಿಗಿಟ್ಟು ಏದುಸಿರು ಬಿಡುತ್ತಾ ಕೇಳಿದರು.

"ಶಂಕ್ರೆಪ್ಪಾ, ಆ ಕೆಂಪು ಮುಚ್ಚಳದ್ದು ಇನ್ನೊಂದು ಉಂಟಾ ಮಾರಾಯ?"